ಗಾಳ ಹಾಕುವ ಮುನ್ನ

ಕಳೆದ ಅವಧಿಯಲ್ಲಿ ನಮ್ಮ ಚಿಕ್ಕ ಮಕ್ಕಳ ತರಗತಿಯಲ್ಲಿ ‘ಗ’ ಅಕ್ಷರದ ಪದಗಳನ್ನು ಬರೆಸುತ್ತಿದ್ದೆವು. ಗಡಿಯಾರ, ಗಿಳಿ, ಗೂಡು ಎಲ್ಲ ಆದ ಮೇಲೆ ಗಾಳ ಬಂತು. ಹಲಗೆಯ ಮೇಲೆ ಒಂದು ಕೋಲು, ದಾರ, ಕೊಕ್ಕೆ ಬರೆದು ತೋರಿಸಿದೆವು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಕೈಯೆತ್ತಿ, “ಟೀಚರ್, ಗಾಳಕ್ಕೆ ಲೈಸೆನ್ಸ್ ಬೇಕಲ್ವಾ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಅದಕ್ಕೆ ಕಾರಣ ಹೇಳಿಬಿಡುತ್ತೇವೆ.

ನಾವು ಸಿಡ್ನಿಗೆ ಬಂದ ಮೊದಲ ವರ್ಷ, ಒಂದು ಭಾನುವಾರ ಬೆಟ್ಟದಾಚೆಯ ಒಂದು ಜಲಾಶಯಕ್ಕೆ ಹೋಗಿದ್ದೆವು. ಬುತ್ತಿಯಲ್ಲಿ ಚಿತ್ರಾನ್ನ, ಜೊತೆಗೆ ಅಂಗಡಿಯಲ್ಲಿ ಕೊಂಡ ಎರಡು ಗಾಳದ ಕೋಲು. ಒಂದು ಮಗನಿಗೆ, ಇನ್ನೊಂದು ನಮಗೆ. ಕಾರು ನಿಲ್ಲಿಸಿದ ಕಡೆ ಒಂದು ದೊಡ್ಡ ಫಲಕವಿತ್ತು. ಆಗತಾನೆ ಓದಲು ಕಲಿತಿದ್ದ ಮಗ ಅದರ ಮುಂದೆ ನಿಂತು ಒಂದೊಂದೇ ಪದ ಕೂಡಿಸಿ ಓದುತ್ತಿದ್ದ. “ಇಪ್ಪತ್ತೈದು ಸೆಂಟಿಮೀಟರ್ ಅಂತ ಬರೆದಿದೆ” ಎಂದು ಕೂಗಿ ಹೇಳಿದ. “ಬಾರೋ, ಹೊತ್ತಾಯ್ತು” ಎಂದು ಕೈ ಹಿಡಿದು ಎಳೆದುಕೊಂಡು ಹೋದೆವು. ಮಧ್ಯಾಹ್ನ ಮೀನುಗಾರಿಕೆ ಅಧಿಕಾರಿಯೊಬ್ಬರು ಬಂದು, ತುಂಬ ಸೌಜನ್ಯದಿಂದಲೇ ನಮಸ್ಕಾರ ಹೇಳಿ, ಶುಲ್ಕದ ರಸೀತಿ ಕೇಳಿದರು. ರಸೀತಿ ಇರಲಿಲ್ಲ. ಬಕೆಟ್ಟಿನಲ್ಲಿದ್ದ ಒಂದೇ ಒಂದು ಮೀನನ್ನು ಅಳೆದರು, 23 ಸೆಂ.ಮೀ. ದಂಡದ ಕಾಗದ ಮನೆಗೆ ಅಂಚೆಯಲ್ಲಿ ಬಂತು. ದಂಡ ಕಟ್ಟಿದ್ದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಫಲಕ ಓದಿದ್ದು ಮಗು, ಓದದೆ ಹೋದದ್ದು ಬಿ.ಎ., ಬಿ.ಎಡ್. ಮಾಡಿದ ನಾವು.

ಆ ಮೇಲೆ ಇಲಾಖೆಯ ನಿಯಮಪುಸ್ತಕವನ್ನು ಕೂತು ಓದಿದೆವು. ಮೊದಲು ಅದು ಬರೀ “ಕೂಡದು, ಕೂಡದು” ಎನ್ನುವ ಪುಸ್ತಕದಂತೆ ಕಂಡಿತು. ಟ್ರೌಟ್ ಮೀನಿನ ಬದುಕನ್ನು ಸ್ವಲ್ಪ ತಿಳಿದ ಮೇಲೆ ಅದೇ ಪುಸ್ತಕ ಬೇರೆ ರೀತಿ ಕಾಣತೊಡಗಿತು. ಅಲ್ಲಿರುವ ತಾರೀಖು, ಅಳತೆ, ಸಂಖ್ಯೆ ಬಹುತೇಕ ಎಲ್ಲವೂ ಆ ಮೀನು ಎಲ್ಲಿ ಹುಟ್ಟುತ್ತದೆ, ಯಾವಾಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿಕೊಂಡೇ ಬರೆದವು. ಈ ಲೇಖನದಲ್ಲಿ ನಮ್ಮ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ನದಿ ಮತ್ತು ಜಲಾಶಯಗಳ ಟ್ರೌಟ್ ಬಗ್ಗೆ ಮಾತ್ರ ಹೇಳುತ್ತೇವೆ. ಸಮುದ್ರದ ಮೀನಿಗೆ ಬೇರೆಯೇ ನಿಯಮಗಳಿವೆ.

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಟ್ರೌಟ್ ಆಸ್ಟ್ರೇಲಿಯಾದ ಮೀನೇ? ಅಲ್ಲ. ಅದೂ ನಮ್ಮ ಹಾಗೆ ಹೊರಗಿನಿಂದ ಬಂದದ್ದು, ಅದೂ ಹಡಗಿನಲ್ಲಿ, ಮೊಟ್ಟೆಯ ರೂಪದಲ್ಲಿ! ಇಂಗ್ಲೆಂಡಿನಿಂದ ಬಂದು ನೆಲೆಸಿದವರಿಗೆ ತಮ್ಮ ಊರಿನ ಸಾಲ್ಮನ್ ಮೀನು ಇಲ್ಲಿಯೂ ಬೇಕು ಎನಿಸಿತು. ಆದರೆ ಹಡಗು ಭೂಮಧ್ಯರೇಖೆಯ ಸೆಕೆಯನ್ನು ದಾಟಿ ಬರಬೇಕು. ತಣ್ಣೀರಿನಲ್ಲಿ ಮಾತ್ರ ಬದುಕುವ ತತ್ತಿಗಳು ದಾರಿಯಲ್ಲೇ ಸತ್ತು, ಹಿಂದಿನ ಹಲವು ಪ್ರಯತ್ನಗಳು ಕೆಟ್ಟವು. 1864ರ ಜನವರಿಯಲ್ಲಿ ‘ನಾರ್ಫೋಕ್’ ಎಂಬ ಹಡಗು ಲಂಡನ್ನಿನಿಂದ ಹೊರಟಿತು. ಜೇಮ್ಸ್ ಯೂಲ್ ಎಂಬವರ ಯೋಜನೆಯಂತೆ ತತ್ತಿಗಳನ್ನು ಒದ್ದೆ ಪಾಚಿಯ ನಡುವೆ ಮರದ ಪೆಟ್ಟಿಗೆಗಳಲ್ಲಿ ಹಾಸಿ, ಹಡಗಿನೊಳಗೆ ಕಟ್ಟಿದ ಹಿಮದ ಕೋಣೆಯಲ್ಲಿಟ್ಟಿದ್ದರು. ಸಾಲ್ಮನ್ ತತ್ತಿ ಒಂದು ಲಕ್ಷದಷ್ಟಿದ್ದರೆ, ಬ್ರೌನ್ ಟ್ರೌಟ್ ತತ್ತಿ ಕೆಲವೇ ಸಾವಿರ. ಅವು ಇರಲಿ ಎಂದು ಜೊತೆಗೆ ಸೇರಿಸಿ ಕಳಿಸಿದವು. ಏಪ್ರಿಲ್‌ನಲ್ಲಿ ಹಡಗು ಮೆಲ್ಬರ್ನ್ ಮುಟ್ಟಿತು. ಅಲ್ಲಿಂದ ಟಾಸ್ಮೇನಿಯಾದ ಪ್ಲೆಂಟಿ ಎಂಬಲ್ಲಿನ ಕೊಳಗಳಿಗೆ ಪೆಟ್ಟಿಗೆಗಳು ಹೋದವು. ಮೇ 4ರಂದು ಮೊದಲ ಟ್ರೌಟ್ ಮರಿ ಹೊರಬಂತು.

ಆಮೇಲೆ ನಡೆದದ್ದು ಸ್ವಾರಸ್ಯ. ಅಷ್ಟೊಂದು ಆಸೆಯಿಂದ ತರಿಸಿದ ಸಾಲ್ಮನ್ ಮರಿಗಳು ಸಮುದ್ರಕ್ಕೆ ಹೋದವು, ಮತ್ತೆ ತಿರುಗಿ ಬರಲೇ ಇಲ್ಲ. ಲೆಕ್ಕಕ್ಕಿಲ್ಲದಂತೆ ಬಂದ ಟ್ರೌಟ್ ಇಲ್ಲಿನ ತಣ್ಣನೆಯ ಹೊಳೆಗಳಲ್ಲಿ ನೆಲೆಯೂರಿತು. ಎರಡನೆಯ ಜಾತಿಯಾದ ರೇನ್‌ಬೋ ಟ್ರೌಟ್ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಅದು ಮೊದಲು ನ್ಯೂಜಿಲೆಂಡಿಗೆ ಹೋಗಿ, ಅಲ್ಲಿಂದ 1894ರಲ್ಲಿ ಇಲ್ಲಿಗೆ ಬಂತು. ಬ್ರಿಟಿಷರು ಹೋದಲ್ಲೆಲ್ಲ ಈ ಮೀನನ್ನು ಒಯ್ದರು. 20ನೇ ಶತಮಾನದ ಆರಂಭದಲ್ಲಿ ಕಾಶ್ಮೀರಕ್ಕೂ ನಮ್ಮ ಪಕ್ಕದ ನೀಲಗಿರಿಗೂ ಟ್ರೌಟ್ ಬಂದದ್ದು ಹೀಗೆಯೇ. ಊಟಿಗೆ ಪ್ರವಾಸ ಹೋದ ನಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ.

ಇನ್ನು ಮೀನಿನ ವರ್ಷವನ್ನು ನೋಡೋಣ. ಮಲೆನಾಡಿನಿಂದ ಬಂದ ಪೋಷಕರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ನಮ್ಮ ಕಡೆ ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯ ನೀರು ಕೆಂಪಾಗಿ, ಹಳ್ಳ ತುಂಬಿ, ಗದ್ದೆಯವರೆಗೂ ನೀರು ಬರುತ್ತದೆ. ಆಗ ಮೊಟ್ಟೆ ತುಂಬಿದ ಮೀನುಗಳು ನೀರಿಗೆ ಎದುರಾಗಿ ಮೇಲೆ ಹತ್ತುತ್ತವೆ. ಅದಕ್ಕೇ ಅವು ಹತ್ತುಮೀನು. ಚಿಕ್ಕವರಿದ್ದಾಗ ರಾತ್ರಿ ದೊಡ್ಡವರ ಹಿಂದೆ ಟಾರ್ಚು ಹಿಡಿದು ನಾವೂ ಹೋದದ್ದುಂಟು. ಅಡ್ಡಲಾಗಿ ಕೂಣಿ ಇಡುವವರು, ಕತ್ತಿಯಿಂದ ಮೀನು ಕಡಿಯುವವರು, ಮಳೆಯಲ್ಲಿ ನೆನೆದು ಕೇಕೆ ಹಾಕುವ ಮಕ್ಕಳು, ಮರುದಿನ ಬೆಳಿಗ್ಗೆ ಊರೆಲ್ಲ ಮೀನು ಸಾರಿನ ವಾಸನೆ. ಆ ಸಂತೋಷವನ್ನು ನಾವು ಸುಳ್ಳು ಎನ್ನುವುದಿಲ್ಲ. ಆದರೆ ಆ ಒಂದು ಮೀನಿನ ಹೊಟ್ಟೆಯಲ್ಲಿ ಎಷ್ಟು ಮೀನುಗಳಿದ್ದವು ಎಂದು ಆಗ ಯಾರೂ ಲೆಕ್ಕ ಹಾಕಲಿಲ್ಲ.

ಟ್ರೌಟ್ ಕೂಡ ಒಂದು ಹತ್ತುಮೀನು. ಸ್ನೋಯಿ ಪರ್ವತದ ಜಿಂಡಬೈನ್ ಸರೋವರದಲ್ಲಿ ವರ್ಷವೆಲ್ಲ ತಿಂದು ಬೆಳೆದ ಬ್ರೌನ್ ಟ್ರೌಟ್‌ಗಳು ಚಳಿ ಶುರುವಾಗುವ ಏಪ್ರಿಲ್ ಕೊನೆ, ಮೇ ತಿಂಗಳಿನಲ್ಲಿ ಥ್ರೆಡ್ಬೋ ನದಿಯನ್ನು ಹತ್ತುತ್ತವೆ. ಯೂಕಂಬೀನ್ ಸರೋವರದವು ಯೂಕಂಬೀನ್ ನದಿಯನ್ನು ಹತ್ತುತ್ತವೆ. ಹೆಣ್ಣು ಮೀನು ಹರಿಯುವ ನೀರಿನಲ್ಲಿ, ಸಣ್ಣ ಜಲ್ಲಿಕಲ್ಲಿನ ಜಾಗ ಹುಡುಕಿ, ಪಕ್ಕಕ್ಕೆ ಮಲಗಿ ಬಾಲದಿಂದ ಬಡಿದು ಬಡಿದು ಗುಂಡಿ ತೋಡುತ್ತದೆ. ಅದರಲ್ಲಿ ತತ್ತಿಯಿಟ್ಟು ಮೇಲೆ ಮತ್ತೆ ಜಲ್ಲಿ ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ಹರಿಯುವ ತಣ್ಣೀರೇ ತತ್ತಿಗೆ ಉಸಿರು. ನೀರು 10 ಡಿಗ್ರಿ ಇದ್ದರೆ ಮರಿಯಾಗಲು ಸುಮಾರು ಆರು ವಾರ ಬೇಕು; ಅದಕ್ಕಿಂತ ತಣ್ಣಗಿದ್ದರೆ ಇನ್ನೂ ಹೆಚ್ಚು. ಬ್ರೌನ್ ಟ್ರೌಟ್‌ನ ಸರದಿ ಮುಗಿದ ಮೇಲೆ, ಚಳಿಗಾಲದ ಕೊನೆಗೆ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ರೇನ್‌ಬೋ ಟ್ರೌಟ್‌ನ ಸರದಿ.

ಈಗ ನಿಯಮಪುಸ್ತಕ ತೆರೆಯಿರಿ. ಟ್ರೌಟ್ ನದಿಗಳು ಎಂದು ಗುರುತಿಸಿದ ನದಿ, ಹೊಳೆಗಳಲ್ಲಿ ಜೂನ್ ತಿಂಗಳ ರಾಜರ ಹುಟ್ಟುಹಬ್ಬದ ರಜೆಯ ಸೋಮವಾರಕ್ಕೆ ಗಾಳ ಹಾಕುವುದು ನಿಲ್ಲುತ್ತದೆ. ಮತ್ತೆ ಆರಂಭವಾಗುವುದು ಅಕ್ಟೋಬರ್ ತಿಂಗಳ ಕಾರ್ಮಿಕರ ದಿನದ ರಜೆಯ ಶನಿವಾರ. ಕಾರ್ಮಿಕರ ದಿನ ಅಕ್ಟೋಬರ್‌ನ ಮೊದಲ ಸೋಮವಾರವಾದ್ದರಿಂದ ಕೆಲವು ವರ್ಷ ಆ ಶನಿವಾರ ಸೆಪ್ಟೆಂಬರ್ ಕೊನೆಗೇ ಬರುವುದುಂಟು, ಕ್ಯಾಲೆಂಡರ್ ನೋಡಿಕೊಳ್ಳಿ. ಈ ನಾಲ್ಕು ತಿಂಗಳು ಯಾವುದೋ ಕಚೇರಿಯಲ್ಲಿ ಕುಳಿತು ಆರಿಸಿದ್ದಲ್ಲ. ಬ್ರೌನ್ ಟ್ರೌಟ್ ತತ್ತಿಯಿಡುವುದರಿಂದ ಹಿಡಿದು ರೇನ್‌ಬೋ ತತ್ತಿಯಿಡುವವರೆಗಿನ ಬಾಣಂತನದ ಕಾಲ ಅದು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕಾರಣ ಹೆಚ್ಚುಕಡಿಮೆ ಅದೇ.

“ಹಾಗಾದರೆ ಮೇ ತಿಂಗಳಲ್ಲಿ ಹತ್ತುವ ಮೀನಿನ ಗತಿ?” ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅದಕ್ಕೂ ಉತ್ತರವಿದೆ. ಥ್ರೆಡ್ಬೋ ಮತ್ತು ಯೂಕಂಬೀನ್ ನದಿಗಳಲ್ಲಿ ಮೇ 1ರಿಂದ ಜೂನ್ ರಜೆಯವರೆಗೆ ನಿಯಮ ಬಿಗಿಯಾಗುತ್ತದೆ. ದಿನಕ್ಕೆ ಒಬ್ಬರಿಗೆ ಒಂದೇ ಮೀನು, ಅದೂ 50 ಸೆಂ.ಮೀ.ಗಿಂತ ಚಿಕ್ಕದಾಗಿರಬಾರದು. ಅಂದರೆ ಹತ್ತುಮೀನು ಹಿಡಿಯುವ ಸಂಭ್ರಮವನ್ನು ಪೂರ್ತಿ ಕಸಿದುಕೊಂಡಿಲ್ಲ, ಅದಕ್ಕೊಂದು ಕಡಿವಾಣ ಹಾಕಿದ್ದಾರೆ. ನಮ್ಮೂರಿನಲ್ಲಿ ಕೂಣಿ ಇಡುವವರಿಗೂ ಹೀಗೊಂದು ಲೆಕ್ಕ ಇದ್ದಿದ್ದರೆ ಎಂದು ಅನೇಕ ಸಲ ಅನ್ನಿಸಿದೆ.

ಜಲಾಶಯಗಳಲ್ಲಿ ಮಾತ್ರ ವರ್ಷವಿಡೀ ಟ್ರೌಟ್ ಹಿಡಿಯಬಹುದು. ಏಕಿರಬಹುದು, ಊಹಿಸಿ. ನಿಂತ ನೀರಿನಲ್ಲಿ ಟ್ರೌಟ್‌ನ ಸಂಸಾರ ನಡೆಯುವುದಿಲ್ಲ, ಅದಕ್ಕೆ ಹರಿಯುವ ನೀರು, ಜಲ್ಲಿಕಲ್ಲು ಬೇಕು. ತತ್ತಿಯಿಡುವ ಮೀನುಗಳು ನದಿಗೆ ಹೋಗಿರುವಾಗ ಸರೋವರದಲ್ಲಿ ಗಾಳ ಹಾಕಿದರೆ ಅಷ್ಟು ಹಾನಿಯಿಲ್ಲ. ಎಷ್ಟೋ ಜಲಾಶಯಗಳಲ್ಲಿ ಮೀನು ಇರುವುದೇ ಸರ್ಕಾರ ಮರಿಗಳನ್ನು ತಂದು ಬಿಡುವುದರಿಂದ. ಜಿಂಡಬೈನ್ ಹತ್ತಿರ ಥ್ರೆಡ್ಬೋ ನದಿಯ ದಡದಲ್ಲಿ ಗೇಡನ್ ಎಂಬ ಮರಿ ಉತ್ಪಾದನಾ ಕೇಂದ್ರವಿದೆ, ಉತ್ತರದಲ್ಲಿ ಈಬೋರ್ ಬಳಿ ಡಟನ್ ಎಂಬುದಿದೆ. ನದಿ ಹತ್ತುವ ಕಾಡುಮೀನಿನಿಂದ ತತ್ತಿ ಸಂಗ್ರಹಿಸಿ, ತಣ್ಣೀರಿನ ತಟ್ಟೆಗಳಲ್ಲಿ ಮರಿಮಾಡಿ, ಬೆಳೆಸಿ, ಲಾರಿಯಲ್ಲಿ ಒಯ್ದು ಬಿಡುತ್ತಾರೆ.

ಇದಕ್ಕೆ ದುಡ್ಡು ಎಲ್ಲಿಂದ? ನಮ್ಮನ್ನು ದಂಡಕ್ಕೆ ಒಳಪಡಿಸಿದ ಆ ಶುಲ್ಕದಿಂದಲೇ. ಗಾಳ ಹಾಕುವ ವಯಸ್ಕರು ಕಟ್ಟುವ ಶುಲ್ಕ ಒಂದು ಪ್ರತ್ಯೇಕ ನಿಧಿಗೆ ಹೋಗುತ್ತದೆ. ಮೀನುಮರಿ ಬಿಡುವುದು, ನದಿದಡ ಸರಿಪಡಿಸುವುದು, ಸಂಶೋಧನೆ ಮಾಡುವುದು ಇಂಥವಕ್ಕೆ ಅಲ್ಲಿಂದ ಹಣ ಬರುತ್ತದೆ. 2024ರಲ್ಲಿ ಮೂರು ದಿನಕ್ಕೆ 7 ಡಾಲರ್, ಒಂದು ತಿಂಗಳಿಗೆ 14, ಒಂದು ವರ್ಷಕ್ಕೆ 35, ಮೂರು ವರ್ಷಕ್ಕೆ 85 ಡಾಲರ್ ಇತ್ತು. ಅಂತರ್ಜಾಲದಲ್ಲಿ ಕಟ್ಟಬಹುದು, ಗಾಳದ ಅಂಗಡಿಯಲ್ಲೂ ಕಟ್ಟಬಹುದು. ರಸೀತಿ ಜೊತೆಯಲ್ಲಿರಬೇಕು, ಫೋನಿನಲ್ಲಿದ್ದರೂ ಆಗುತ್ತದೆ.

ಪೋಷಕರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾವು ಎಡವಿದ್ದು ಇಲ್ಲೇ. 18 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಮಗುವಿಗೆ ಸಹಾಯ ಮಾಡುವ ದೊಡ್ಡವರಿಗೂ ಶುಲ್ಕವಿಲ್ಲ, ಆದರೆ ಮಗು ಹಿಡಿದಿರುವ ಒಂದೇ ಒಂದು ಕೋಲಿಗೆ ಮಾತ್ರ. ದಾರ ಸಿಕ್ಕು ಬಿಡಿಸಬಹುದು, ಹುಳು ಸಿಕ್ಕಿಸಿಕೊಡಬಹುದು, ಕೈ ಹಿಡಿದು ಬೀಸುವುದನ್ನು ಕಲಿಸಬಹುದು. ಪಕ್ಕದಲ್ಲಿ ತಾವೂ ಇನ್ನೊಂದು ಕೋಲು ಬಿಟ್ಟರೆ ಆ ಕ್ಷಣದಿಂದ ಅವರು ಶುಲ್ಕ ಕಟ್ಟಬೇಕಾದ ಮೀನುಗಾರರು. “ಮಗುವಿನ ಜೊತೆ ಬಂದಿದ್ದೇವೆ” ಎಂಬ ಮಾತು ಎರಡನೇ ಕೋಲಿಗೆ ಅನ್ವಯಿಸುವುದಿಲ್ಲ. ಊರಿನಿಂದ ಬಂದ ತಾತ, ಅಜ್ಜಿಯರ ಬಗ್ಗೆಯೂ ಇದನ್ನೇ ನೆನಪಿಡಿ. ಇಲ್ಲಿನ ಪಿಂಚಣಿ ಕಾರ್ಡ್ ಇದ್ದವರಿಗೆ ವಿನಾಯಿತಿ ಉಂಟು, ಪ್ರವಾಸಿ ವೀಸಾದಲ್ಲಿ ಬಂದ ನಮ್ಮ ಮಾವನವರಿಗೆ ಅದು ಇಲ್ಲ. ಮೂರು ದಿನದ ಶುಲ್ಕ ಕಟ್ಟಿದರೆ ಅವರೂ ನಿಶ್ಚಿಂತೆಯಿಂದ ಕೂರಬಹುದು.

ಅಳತೆಯ ವಿಷಯ. ಸಾಮಾನ್ಯ ಟ್ರೌಟ್ ನದಿ ಮತ್ತು ಜಲಾಶಯಗಳಲ್ಲಿ 25 ಸೆಂ.ಮೀ.ಗಿಂತ ಚಿಕ್ಕ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ಮೀನನ್ನು ಅಳತೆಪಟ್ಟಿಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಕಣ್ಣಳತೆ ನಂಬಬೇಡಿ, ಗಾಳಕ್ಕೆ ಸಿಕ್ಕ ಮೀನು ಹಿಡಿದವನ ಕಣ್ಣಿಗೆ ಯಾವಾಗಲೂ ದೊಡ್ಡದೇ. ಒಂದು ಸಲವಾದರೂ ತತ್ತಿಯಿಟ್ಟು ತನ್ನ ಸಂತತಿ ಬಿಟ್ಟು ಹೋಗಲಿ ಎಂಬುದು ಇಂಥ ಅಳತೆಗಳ ಹಿಂದಿನ ಲೆಕ್ಕ.

ಎಷ್ಟು ಹಿಡಿಯಬಹುದು ಎಂಬುದಕ್ಕೆ ಎರಡು ಸಂಖ್ಯೆಗಳಿವೆ, ಇದರಲ್ಲಿ ಅನೇಕರು ಗೊಂದಲ ಮಾಡಿಕೊಳ್ಳುತ್ತಾರೆ. ಸಾಮಾನ್ಯ ಟ್ರೌಟ್ ನೀರಿನಲ್ಲಿ ದಿನಕ್ಕೆ 5, ಒಟ್ಟು ವಶದಲ್ಲಿ 10. ಶುಕ್ರವಾರ ಹೋಗಿ ಡೇರೆ ಹಾಕಿ ಮೂರು ದಿನ ಹಿಡಿದರೆ ಹದಿನೈದು ತರಬಹುದು ಎಂದಲ್ಲ. ಮನೆಯ ಫ್ರೀಜರಿನಲ್ಲಿ ಹಿಂದಿನ ವಾರದ ಆರು ಟ್ರೌಟ್ ಇದ್ದರೆ ಅವೂ ಈ ಹತ್ತರಲ್ಲಿ ಸೇರಿದವು. ಫ್ಲೈ ಮತ್ತು ಲೂರ್ ಮಾತ್ರ ಬಳಸಬೇಕಾದ ಕೆಲವು ಆಯ್ದ ನದಿಗಳಿವೆ. ಫ್ಲೈ ಎಂದರೆ ಗರಿ, ದಾರ ಸುತ್ತಿ ಮಾಡಿದ ಕೃತಕ ಕೀಟ, ಲೂರ್ ಎಂದರೆ ಹೊಳೆಯುವ ಕೃತಕ ಮೀನು. ಅಂಥ ಕಡೆ ದಿನಕ್ಕೆ 2 ಮಾತ್ರ. ಜಲಾಶಯದಲ್ಲಿ ಒಬ್ಬರು ಎರಡು ಕೋಲು ಬಿಡಬಹುದು, ನದಿಯಲ್ಲಿ ಒಂದೇ.

ಹುಳುವಿನ ವಿಷಯಕ್ಕೆ ಬರೋಣ. ಸಾಮಾನ್ಯ ಟ್ರೌಟ್ ನೀರಿನಲ್ಲಿ ಎರೆಹುಳು ಹಾಕಬಹುದು, ಅದು ನಮಗೆಲ್ಲ ಗೊತ್ತಿರುವ ವಿದ್ಯೆಯೇ. ಆದರೆ ಒಳನಾಡಿನ ನೀರಿನಲ್ಲಿ ಜೀವಂತ ಮೀನುಮರಿಯನ್ನಾಗಲಿ ಕಪ್ಪೆಯನ್ನಾಗಲಿ ಗಾಳಕ್ಕೆ ಸಿಕ್ಕಿಸುವಂತಿಲ್ಲ. ಒಂದು ಹೊಳೆಯ ಮೀನು ಗಾಳದಿಂದ ತಪ್ಪಿಸಿಕೊಂಡು ಇನ್ನೊಂದು ಹೊಳೆಯಲ್ಲಿ ಸಂಸಾರ ಹೂಡಿದರೆ ಏನಾಗುತ್ತದೆ ಎಂಬುದನ್ನು ಈ ದೇಶ ಕಷ್ಟಪಟ್ಟು ಕಲಿತಿದೆ. ಇನ್ನೊಂದು ಸಂಗತಿ ಮಕ್ಕಳಿಗಾಗಿ. ಸಿಗಡಿಯಂಥ ‘ಯಾಬಿ’ ಹಿಡಿಯಲು ಒಂದು ಮುಚ್ಚಿದ ಬಲೆಯಿತ್ತು, ಆಕಾರ ನೋಡಿ ಅದಕ್ಕೆ ‘ಒಪೆರಾ ಹೌಸ್ ಬಲೆ’ ಎನ್ನುತ್ತಿದ್ದರು. ಒಳಗೆ ಹೋದ ಪ್ಲಾಟಿಪಸ್‌ಗೆ ಹೊರಬರಲು ದಾರಿ ಸಿಗದೆ, ಉಸಿರಿಗಾಗಿ ಮೇಲೆ ಬರಲಾಗದೆ ಮುಳುಗಿ ಸಾಯುತ್ತಿತ್ತು. 2021ರ ಏಪ್ರಿಲ್ 30ರಿಂದ ನಮ್ಮ ರಾಜ್ಯದಲ್ಲಿ ಅದನ್ನು ನಿಷೇಧಿಸಿದ್ದಾರೆ. ಗ್ಯಾರೇಜಿನಲ್ಲಿ ಹಳೆಯ ಬಲೆ ಬಿದ್ದಿದ್ದರೆ ಅಪ್ಪ, ಅಮ್ಮನಿಗೆ ತೋರಿಸಿ.

ಇಷ್ಟೆಲ್ಲ ಜೋಪಾನ ಮಾಡುವ ಈ ಟ್ರೌಟ್ ಸಾಧು ಪ್ರಾಣಿಯೇ? ಇಲ್ಲ. ಇದನ್ನು ಬರೆಯದೆ ಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಮ್ಮ ಕೆರೆಗಳ ಜಿಲೇಬಿ ಮೀನು ಆಫ್ರಿಕಾದಿಂದ ಬಂದು ಇತರ ಮೀನುಗಳ ಜಾಗ ಆಕ್ರಮಿಸಿದಂತೆ, ಟ್ರೌಟ್ ಕೂಡ ಇಲ್ಲಿನ ಮೂಲ ಮೀನುಗಳನ್ನು ತಿಂದು, ಓಡಿಸಿ ಬೆಳೆದಿದೆ. ಬೆರಳುದ್ದದ, ಹುರುಪೆಯಿಲ್ಲದ ಗ್ಯಾಲಾಕ್ಸಿಯಸ್ ಎಂಬ ಪುಟ್ಟ ಮೀನುಗಳು ಈ ಬೆಟ್ಟದ ಹೊಳೆಗಳ ಮೂಲ ನಿವಾಸಿಗಳು. ಅವುಗಳಲ್ಲಿ ಒಂದಾದ ಸ್ಟಾಕಿ ಗ್ಯಾಲಾಕ್ಸಿಯಸ್‌ಗೆ ವಿಜ್ಞಾನಿಗಳು ಹೆಸರಿಟ್ಟದ್ದೇ 2014ರಲ್ಲಿ. ಆಗ ಅದು ಉಳಿದಿದ್ದದ್ದು ಕೊಸಿಯುಸ್ಕೊ ರಾಷ್ಟ್ರೀಯ ಉದ್ಯಾನದ ಟಂಟಂಗಾರ ತೊರೆಯ ಮೇಲ್ಭಾಗದ ಕೆಲವೇ ಕಿಲೋಮೀಟರಿನಲ್ಲಿ. ಅಲ್ಲಿ ಮಾತ್ರ ಏಕೆ? ಅದರ ಕೆಳಗೊಂದು ಜಲಪಾತವಿದೆ, ಟ್ರೌಟ್ ಅದನ್ನು ಹತ್ತಲಾರದು. ಒಂದು ಪುಟ್ಟ ಜಲಪಾತ ಒಂದು ಜಾತಿಯನ್ನೇ ಕಾಯುತ್ತಿತ್ತು! 2019-20ರ ಕಾಡ್ಗಿಚ್ಚಿನ ನಂತರ ಬೂದಿ ತೊರೆಗೆ ಇಳಿದೀತೆಂದು ಹೆದರಿ ಅಧಿಕಾರಿಗಳು ಕೆಲವು ಮೀನುಗಳನ್ನು ಹಿಡಿದು ಸುರಕ್ಷಿತ ಜಾಗಕ್ಕೆ ಸಾಗಿಸಿದರು.

ಒಂದು ಕೈಯಿಂದ ಟ್ರೌಟ್ ಮರಿ ಬಿಡುವ ಸರ್ಕಾರವೇ ಇನ್ನೊಂದು ಕೈಯಿಂದ ಅದರ ಬಾಯಿಂದ ಪುಟ್ಟ ಮೀನನ್ನು ಕಾಪಾಡುವ ಪರಿಸ್ಥಿತಿ ಇದು. ಟ್ರೌಟ್ ಬೇಡವೇ ಬೇಡ ಎನ್ನುವವರೂ ಇದ್ದಾರೆ. ಟ್ರೌಟ್ ಇಲ್ಲದಿದ್ದರೆ ಬೆಟ್ಟದ ಊರುಗಳಿಗೆ ಪ್ರವಾಸಿಗರು ಏಕೆ ಬರಬೇಕು ಎನ್ನುವವರೂ ಇದ್ದಾರೆ. ನಮಗನ್ನಿಸುವುದು ಇಷ್ಟು: ನೂರೈವತ್ತು ವರ್ಷಗಳಿಂದ ಇರುವ ಟ್ರೌಟ್ ದೊಡ್ಡ ಸರೋವರಗಳಲ್ಲಿ ಇರಲಿ, ಜಲಪಾತದ ಮೇಲಿನ ತೊರೆಗಳು ಮೂಲ ನಿವಾಸಿಗಳಿಗೇ ಇರಲಿ. ಬಕೆಟ್ಟಿನಲ್ಲಿ ಮೀನು ತುಂಬಿಕೊಂಡು ಹೋಗಿ ಇನ್ನೊಂದು ಹೊಳೆಗೆ ಬಿಡುವ ‘ಪುಣ್ಯದ ಕೆಲಸ’ವನ್ನು ಮಾತ್ರ ಯಾರೂ ಮಾಡಬಾರದು, ಅದು ಇಲ್ಲಿ ಅಪರಾಧವೂ ಹೌದು.

ಹೆಸರಿನ ಒಂದು ಬಲೆಯೂ ಇದೆ. ‘ಟ್ರೌಟ್ ಕಾಡ್’ ಎಂಬ ಮೀನು ಟ್ರೌಟ್ ಅಲ್ಲ. ಅದು ಇಲ್ಲಿನ ಮೂಲ ಮೀನು, ಅಳಿವಿನಂಚಿನಲ್ಲಿರುವುದರಿಂದ ಸಂಪೂರ್ಣ ರಕ್ಷಿತ. ಗಾಳಕ್ಕೆ ಸಿಕ್ಕರೆ ತಕ್ಷಣ ನೀರಿಗೆ ಬಿಡಬೇಕು. ಮಕ್ವಾರಿ ಪರ್ಚ್ ಕೂಡ ಹಾಗೆಯೇ. ಮೀನಿನ ಗುರುತು ಸಿಗದಿದ್ದರೆ ನಾವು ಪಾಲಿಸುವ ಕ್ರಮ ಸರಳ: ಗೊತ್ತಿಲ್ಲದ ಮೀನು ನಮ್ಮದಲ್ಲ.

ಎಲ್ಲಿಗೆ ಹೋಗಬಹುದು? ಸಿಡ್ನಿಯಿಂದ ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಬ್ಲೂ ಮೌಂಟನ್ಸ್ ದಾಟಿ ಲಿತ್ಗೋ ಬಳಿಯ ಲೈಲ್ ಸರೋವರ ಅನುಕೂಲ. ಕಾರಿನಲ್ಲಿ ಸುಮಾರು ಎರಡು ಗಂಟೆ. ಮಕ್ಕಳಿಗೆ ಆಡಲು ಜಾಗವಿದೆ. ಓಬೆರಾನ್ ಕಡೆಯ ಫಿಶ್ ನದಿಯಲ್ಲೂ ಟ್ರೌಟ್ ಇದೆ, ಆದರೆ ಅದು ನದಿ, ಜೂನ್‌ನಿಂದ ಅಕ್ಟೋಬರ್‌ವರೆಗಿನ ನಿಷೇಧ ನೆನಪಿರಲಿ. ಶಾಲೆಗೆ ರಜೆಯಿದ್ದಾಗ ಐದಾರು ಗಂಟೆ ಕಾರು ಓಡಿಸಲು ಸಿದ್ಧರಿದ್ದರೆ ಸ್ನೋಯಿ ಪರ್ವತಕ್ಕೇ ಹೋಗಿ. ಅಡಮಿನಾಬಿ ಊರಿನಲ್ಲಿ 1973ರಲ್ಲಿ ಕಟ್ಟಿದ ಹತ್ತು ಮೀಟರ್ ಎತ್ತರದ ಟ್ರೌಟ್ ಪ್ರತಿಮೆಯಿದೆ, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದ ಮಕ್ಕಳಿಲ್ಲ. ಆದರೆ ಈ ಊರು ಮೊದಲು ಇಲ್ಲಿರಲಿಲ್ಲ. ಯೂಕಂಬೀನ್ ಅಣೆಕಟ್ಟು 1958ರಲ್ಲಿ ಪೂರ್ಣಗೊಳ್ಳುವ ಮುಂಚೆ ಹಳೆಯ ಅಡಮಿನಾಬಿಯ ಮನೆಗಳನ್ನು, ಚರ್ಚುಗಳನ್ನು ಲಾರಿಗಳ ಮೇಲಿಟ್ಟು ಹೊಸ ಜಾಗಕ್ಕೆ ಸಾಗಿಸಿದರು. ಬರಗಾಲದಲ್ಲಿ ನೀರಿಳಿದಾಗ ಹಳೆಯ ಊರಿನ ಅವಶೇಷ, ಮೆಟ್ಟಿಲುಗಳು ಮೇಲೆ ಕಾಣುತ್ತವೆ. ಲಿಂಗನಮಕ್ಕಿಯಲ್ಲಿ ಊರು ಕಳೆದುಕೊಂಡ ಶರಾವತಿ ಕಣಿವೆಯವರ ಮನೆಗಳಿಂದ ಬಂದವರಿಗೆ ಆ ದಡದಲ್ಲಿ ನಿಂತಾಗ ಬೇರೆ ವಿವರಣೆ ಬೇಕಾಗುವುದಿಲ್ಲ.

ನಮ್ಮ ಓದುಗರಲ್ಲಿ ಸಸ್ಯಾಹಾರಿಗಳು ಬಹಳ ಮಂದಿ ಇದ್ದೀರಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಪುರಿ ಹಾಕಿದ ನೆನಪಿರುವವರಿಗೆ ಗಾಳದ ಮಾತೇ ಮುಜುಗರವೆನಿಸಬಹುದು. ಮೀನು ತಿನ್ನದಿದ್ದರೂ ಮೇ ತಿಂಗಳಲ್ಲಿ ಥ್ರೆಡ್ಬೋ ನದಿಯ ಪಕ್ಕದ ಕಾಲುದಾರಿಯಲ್ಲಿ ನಡೆದು, ತಿಳಿನೀರಿನಲ್ಲಿ ಹತ್ತುವ ಮೀನುಗಳನ್ನು ನೋಡಿ ಬನ್ನಿ. ನೀರಿಗಿಳಿದು ಜಲ್ಲಿಯ ಮೇಲೆ ನಡೆಯಬೇಡಿ, ಕಾಲ ಕೆಳಗೆ ತತ್ತಿಗಳಿರಬಹುದು. ತಿನ್ನುವವರಿಗೆ ಒಂದು ಮಾತು: ಟ್ರೌಟ್ ಸಾರಿಗೆ ಅಷ್ಟಾಗಿ ಒಗ್ಗುವುದಿಲ್ಲ, ಹುಣಸೆಹುಳಿಯಲ್ಲಿ ಅದರ ರುಚಿ ಮುಳುಗಿಹೋಗುತ್ತದೆ. ಉಪ್ಪು, ಖಾರ, ಅರಿಶಿನ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದರೆ ಚೆನ್ನ.

ಹಿಡಿದು ಬಿಡುವವರು ಎರಡು ವಿಷಯ ತಿಳಿದಿರಬೇಕು. ಮೀನಿನ ಮೈಮೇಲೆ ಒಂದು ಲೋಳೆಯ ಪದರವಿದೆ, ಅದೇ ಅದಕ್ಕೆ ರೋಗದಿಂದ ರಕ್ಷಣೆ. ಒಣಗಿದ ಕೈಯಿಂದ ಮುಟ್ಟಿದರೆ ಅದು ಕಿತ್ತುಬರುತ್ತದೆ. ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಮೀನನ್ನು ಆದಷ್ಟು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಎರಡನೆಯದು ಬೇಸಿಗೆ. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಟ್ರೌಟ್‌ಗೆ ಉಸಿರಾಟವೇ ಕಷ್ಟ. ಜನವರಿಯ ಸುಡುಬಿಸಿಲಿನಲ್ಲಿ ಹಿಡಿದು ಬಿಟ್ಟ ಮೀನು ಈಜಿಕೊಂಡು ಹೋದಂತೆ ಕಂಡರೂ ಬದುಕುವ ಭರವಸೆಯಿಲ್ಲ. ಅಂಥ ದಿನ ಬೆಳಗಿನ ಜಾವ ಹೋಗುವುದು, ಇಲ್ಲವೇ ಹೋಗದಿರುವುದೇ ವಾಸಿ. ಚಳಿಗಾಲದಲ್ಲಿ ಚಿಂತೆ ಬೇರೆ. ಬೆಟ್ಟದ ಸರೋವರದ ನೀರಿಗೆ ಬಿದ್ದರೆ ಈಜು ಬಲ್ಲವರಿಗೂ ಕೈಕಾಲು ಮರಗಟ್ಟುತ್ತದೆ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕದೆ ದಡದ ಬಂಡೆಯ ಮೇಲೆ ಬಿಡಬೇಡಿ.

ನಿಯಮಗಳು ಆಗಾಗ ಬದಲಾಗುತ್ತವೆ, ಒಂದೊಂದು ನದಿಗೂ ಬೇರೆಯೇ ವರ್ಗವಿರುತ್ತದೆ. ಇಲಾಖೆಯ ‘ಫಿಶ್‌ಸ್ಮಾರ್ಟ್’ ಎಂಬ ಆ್ಯಪ್‌ನಲ್ಲಿ ಹೋಗುವ ಜಾಗದ ನಿಯಮವನ್ನು ಹೊರಡುವ ಹಿಂದಿನ ರಾತ್ರಿ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಆ ಕೆಲಸ ಈಗ ಮಗನದು. ಇಂಗ್ಲಿಷಿನಲ್ಲಿ ಓದಿ ನಮಗೆ ಕನ್ನಡದಲ್ಲಿ ಹೇಳಬೇಕು ಎಂಬುದು ಕರಾರು. ‘ಕ್ಲೋಸ್ಡ್ ಸೀಸನ್’ ಎನ್ನುವುದಕ್ಕೆ ಅವನು ಹುಡುಕಿದ ಪದ ‘ಮೀನಿನ ರಜೆ’. ನಿಘಂಟಿನಲ್ಲಿ ಸಿಗದಿದ್ದರೂ ನಾವು ಪೂರ್ತಿ ಅಂಕ ಕೊಟ್ಟೆವು.

ಹೋದ ಅಕ್ಟೋಬರ್‌ನ ಆ ಮೊದಲ ಶನಿವಾರ ಒಂದು ಕೋಲು, ಒಂದು ಅಳತೆಪಟ್ಟಿ, ಒಂದು ರಸೀತಿಯೊಂದಿಗೆ ಹೊರಟೆವು. ಮಧ್ಯಾಹ್ನದವರೆಗೆ ಕಾದ ಮೇಲೆ ಒಂದು ರೇನ್‌ಬೋ ಸಿಕ್ಕಿತು. ಮಗ ಕೈ ಒದ್ದೆ ಮಾಡಿಕೊಂಡು ಮಲಗಿಸಿ ಅಳೆದ. ಇಪ್ಪತ್ತನಾಲ್ಕೂವರೆ. “ಬಾಲ ಸ್ವಲ್ಪ ಸರಿ ಮಾಡಿ ನೋಡೋ” ಎಂದು ನಾವೇ ಅಂದುಬಿಟ್ಟೆವು. ಅವನು ಒಮ್ಮೆ ನಮ್ಮ ಮುಖ ನೋಡಿ, ಮೀನನ್ನು ನೀರಿಗೆ ಬಿಟ್ಟು, ಚಿತ್ರಾನ್ನದ ಡಬ್ಬಿ ತೆಗೆದ.